ಎರಡು ಉತ್ತರಗಳೊಂದಿಗೆ ಪರಾರಿಯಾದ ಕೊಸೈನ್ ಅವರಿಗೆ

ಮಾನ್ಯ ಕೊಸೈನ್ ಎಕ್ಸ್ ಅವರೇ,

ಒಂದರಿಂದ ಮೇಲೇರದ, ಋಣ ಒಂದರಿಂದ ಕೆಳಗಿಳಿಯದ ತಮ್ಮ ಸಂಯಮಕ್ಕೆ ಸವಾಯಿ ದ್ವೀಪದ ಈ ಬಡಪಾಯಿ ತಾಯಿಯ ಅನಂತ ನಮಸ್ಕಾರಗಳು. ಮಗಳು ಮಸೀನಾ ಹುಟ್ಟಿದಂದಿನಿಂದ ನಿದ್ದೆಯ ಬಗ್ಗೆ ಕೇಳಿ ಬಲ್ಲೆನೇ ಹೊರತು ಮಾಡಿ ಬಲ್ಲವಳಲ್ಲವಾದ್ದರಿಂದ, ಅಕ್ಷರಗಳು ವಾಲಿದ್ದರೆ ಅವನ್ನೂ ಕೋನಗಳೆಂದೇ ಭಾವಿಸಿ ಮನ್ನಿಸಬೇಕು.

ಕಾಲೇಜಿನಲ್ಲಿ ಇತಿಹಾಸ ಓದಿದ ನನಗೆ ನಮ್ಮೂರ ಶಾಲೆಯಲ್ಲಿ ಖಾಲಿ ಉಳಿದದ್ದು ಗಣಿತದ ಕೆಲಸ ಮಾತ್ರ. ಅದರ ಪರೀಕ್ಷೆ ಪಾಸಾಗದಿದ್ದರೆ ಹಾಲು ಕುಡಿಯುವ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ, ಹಡಗು ಹತ್ತಿ, ರಾಜಧಾನಿ ಆಪಿಯಾದ ಯಾವುದೋ ಕಚೇರಿಗೆ ಸೇರಬೇಕು. ಇದೆಲ್ಲ ತಿಳಿಯದವರಂತೆ ತಾವು ಪ್ರಶ್ನೆಪತ್ರಿಕೆಗೆ ದಯಮಾಡಿಸಿದಿರಿ: ಎರಡು ಸೈನ್ ಎಕ್ಸ್ ಕೊಸೈನ್ ಎಕ್ಸ್, ಸಮ, ಕೊಸೈನ್ ಎಕ್ಸ್. ಸೊನ್ನೆಯಿಂದ ಮುನ್ನೂರ ಅರವತ್ತು ಡಿಗ್ರಿಯೊಳಗಿನ ಉತ್ತರಗಳೆಲ್ಲ ಬೇಕಿದ್ದವು. ಎಡಕ್ಕೂ ಬಲಕ್ಕೂ ತಾವೇ, ಒಂದೇ ಬಟ್ಟೆ ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತ ಅವಳಿಗಳ ಹಾಗೆ. ಇಷ್ಟು ಸಾಧುಗಳಿಗೆ ಇಲ್ಲೇನು ಕೆಲಸವೆಂದು ಎರಡೂ ಕಡೆ ಹೊಡೆದುಹಾಕಿ, ಮೂವತ್ತು, ನೂರ ಐವತ್ತು ಎಂದು ಬರೆದು, ಹೆಮ್ಮೆಯಿಂದ ಅಡಿಗೆರೆ ಎಳೆದೆ.

ತಾವೋ, ತೊಂಬತ್ತನ್ನೂ ಇನ್ನೂರ ಎಪ್ಪತ್ತನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದಿರಿ. ಆ ಎರಡೂ ಕಡೆ ತಾವು ಸೊನ್ನೆಯಾಗುತ್ತೀರಂತೆ, ಸೊನ್ನೆಯಿಂದ ಭಾಗಿಸಬಾರದಂತೆ. ಪಾಸಾಗಲು ಕಡಿಮೆ ಬಿದ್ದದ್ದು ಸರಿಯಾಗಿ ಆ ಎರಡರ ಅಂಕ. ಪಾಠ ಹೇಳಿಕೊಡುವ ತವೀತಾ ಮೇಷ್ಟ್ರು, "ಹೊಡೀಬೇಡ ತಾಯಿ, ಎಲ್ಲಾನೂ ಒಂದೇ ಕಡೆ ತಂದು ಸಾಮಾನ್ಯವಾಗಿರೋದನ್ನ ಆವರಣದ ಹೊರಗೆ ತೆಗಿ ಅಂತ ಎಷ್ಟು ಸಲ ಬಡ್ಕೊಂಡೆ," ಎಂದು ನಿಟ್ಟುಸಿರಿಟ್ಟರು. ಟ್ಯಾರೋ ಗೆಡ್ಡೆ ಸುಲಿಯುತ್ತಿದ್ದ ಅತ್ತೆ ಫುವತೀನೋ ಅವರಿಗೆ ತಮ್ಮ ಪರಿಚಯವೇ ಇಲ್ಲ; ಆದರೂ, "ಅಲ್ವೇ, ನಿನ್ನ ಮದುವೆಗೆ ನಾವೊಂದು ಹಂದಿ ತಂದ್ವಿ, ನಿಮ್ಮವ್ರೂ ಒಂದು ತಂದ್ರು. ಸಮ ಆಯ್ತಲ್ಲ ಅಂತ ಎರಡನ್ನೂ ಕಾಡಿಗೆ ಓಡಿಸಿದ್ವೇನೇ?" ಎಂದು ಕೇಳಿ, ಇಡೀ ಮನೆಯನ್ನು ನಗಿಸಿ, ಅವರು ಮಾತ್ರ ನಗದೆ ಟ್ಯಾರೋ ಸುಲಿದರು.

ಆದ್ದರಿಂದ ನನ್ನ ಅಲ್ಪ ಕೋರಿಕೆಗಳು. ಮರುಪರೀಕ್ಷೆ ಮುಗಿಯುವವರೆಗಾದರೂ ದಯವಿಟ್ಟು ಎಲ್ಲಿಯೂ ಸೊನ್ನೆಯಾಗಬೇಡಿ. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಸೊನ್ನೆಯಾಗುವ ಮೊದಲು ಕೆಮ್ಮಿಯಾದರೂ ತಿಳಿಸಿ. ಮುನ್ನೂರ ಅರವತ್ತು ಡಿಗ್ರಿಗೊಮ್ಮೆ ತಪ್ಪದೆ ಹಿಂತಿರುಗುವ ತಮ್ಮ ಅಭ್ಯಾಸವನ್ನು ನನ್ನ ಮಗಳ ನಿದ್ದೆಗೂ ಸ್ವಲ್ಪ ಕಲಿಸಿಕೊಟ್ಟರೆ, ತಮ್ಮ ಅಲೆಯ ಪ್ರತಿ ಉಬ್ಬಿಗೂ ಪ್ರತಿ ತಗ್ಗಿಗೂ ಒಂದೊಂದು ಹೂಮಾಲೆ ತೊಡಿಸಲು ಸಿದ್ಧಳಿದ್ದೇನೆ.

ಎರಡೂ ಬದಿಯಿಂದ ತಮ್ಮ ವಿಶ್ವಾಸಿ,
ತಿರೇಸಾ

ತಾ.ಕ.: ಪತ್ರದ ಮೂಲೆಯನ್ನು ಮಸೀನಾ ತಿಂದುಬಿಟ್ಟಿದ್ದರಿಂದ ಪ್ರತಿ ಮಾಡಿಕೊಂಡು ಕುಳಿತಿದ್ದೆ, ಅಷ್ಟರಲ್ಲಿ ಮರುಪರೀಕ್ಷೆಯೂ ಮುಗಿದು ಫಲಿತಾಂಶವೂ ಬಂತು. ಪಾಸಾಗಿದ್ದೇನೆ. ಹಡಗು ನನ್ನನ್ನು ಬಿಟ್ಟು ಹೋಗಬಹುದು. ಸೋಮವಾರದಿಂದ ನಾನು ಇಲ್ಲಿನ ಗಣಿತದ ಟೀಚರು. ತಮ್ಮನ್ನು ಇಡೀ ತರಗತಿಯ ಎದುರು ಆವರಣದಿಂದ ಹೊರಗೆ ನಿಲ್ಲಿಸಿ, ಸೊನ್ನೆಗೆ ಸಮ ಎಂದು ಬರೆಯುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡಲಿದೆ.