ಹಲ್ಲಿ ದಳ ಸೇರಿದ ನಮ್ಮವ್ವ

ಪರಮಗೌಪ್ಯ ಹಲ್ಲಿ ದಳದ ಮುಖ್ಯಸ್ಥರಾದ ಶ್ರೀಮಾನ್ ದೊಡ್ಡ ಹಲ್ಲಿಯವರ ದಿವ್ಯ ಸನ್ನಿಧಿಗೆ,
(ಅದೇ ಹೆಸರಿನ ಮಕ್ಕಳ ಕಾದಂಬರಿಯ ಪ್ರಕಾಶಕರ ಮೂಲಕ)

ಗಾಜುವಾಕ, ವಿಶಾಖಪಟ್ಟಣ
ಜೂನ್ 2006

ಮಾನ್ಯರೇ,

ಗಾಜುವಾಕದ ಬಾಡಿಗೆ ಫ್ಲ್ಯಾಟೊಂದರ ಮೂರನೇ ಮಹಡಿಯಲ್ಲಿ ವಾಸವಾಗಿರುವ, ಪರವಾಡದ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳ ಗುಣಮಟ್ಟ ಪರೀಕ್ಷಿಸಿ ಹೊಟ್ಟೆ ಹೊರೆಯುವ, ಮೂಲತಃ ದಾವಣಗೆರೆಯವನಾದ ಭೀಮಸೇನನೆಂಬ ನಾನು ತಮ್ಮ ಪಾದಗಳಿಗೆ, ಹಲ್ಲಿಗೆ ಅವು ನಾಲ್ಕಿರುವುದರಿಂದ ನಾಲ್ಕಕ್ಕೂ ಭೇದವಿಲ್ಲದೆ, ನಮಸ್ಕರಿಸಿ ಸಲ್ಲಿಸುವ ದೂರು ಏನೆಂದರೆ, ತಾವು ನನ್ನ ಇಬ್ಬರು ಮಕ್ಕಳನ್ನೂ ಮೊಮ್ಮಕ್ಕಳನ್ನು ಕಂಡ ನನ್ನ ತಾಯಿಯನ್ನೂ ಮನೆಯ ಯಜಮಾನನಿಗೆ ಒಂದು ಮಾತೂ ತಿಳಿಸದೆ ಗೂಢಚಾರಿಕೆಗೆ ಸೇರಿಸಿಕೊಂಡಿದ್ದೀರಿ. ತಾವು ಕಾದಂಬರಿಯೊಳಗಿನ ಪಾತ್ರ, ದೂರು ಸ್ವೀಕರಿಸುವ ಅಧಿಕಾರ ತಮಗಿಲ್ಲ ಎಂಬ ಸಬೂಬು ದಯವಿಟ್ಟು ಬೇಡ. ನಮ್ಮ ಮನೆಯಲ್ಲಿ ಈಗ ನನ್ನ ಮಾತಿಗಿಂತ ತಮ್ಮ ಮಾತೇ ಹೆಚ್ಚು ನಡೆಯುತ್ತಿದೆ.

ತಮ್ಮ ಆಗಮನವಾದದ್ದು ಬೇಸಿಗೆ ರಜೆಯಲ್ಲಿ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನೋಟ್‌ಬುಕ್ಕುಗಳ ಹೋಲ್‌ಸೇಲ್ ಅಂಗಡಿ ಇಟ್ಟಿರುವ ನನ್ನ ಮಾವ ಸತ್ಯಮೂರ್ತಿಗಾರು, ರಜೆಗೆಂದು ಅಲ್ಲಿಗೆ ಹೋಗಿದ್ದ ನನ್ನ ಮಕ್ಕಳು ಆ ಬಿಸಿಲಿನಲ್ಲಿ ಬೀದಿಗಿಳಿಯದಿರಲೆಂಬ ಸದುದ್ದೇಶದಿಂದ, ತೆಲುಗಿನ ‘ಬಲ್ಲಿ ದಳಂ’, ಅಂದರೆ ಹಲ್ಲಿ ದಳ, ಎಂಬ ಕಾದಂಬರಿಯನ್ನು ಅವರ ಕೈಗಿತ್ತರು. ಶಾಲೆಗೆ ಹೋಗುವ ವಯಸ್ಸಿನ ಗೂಢಚಾರರು ಗೋಡೆಗೆ ಅಂಟಿಕೊಂಡು ಗುಟ್ಟು ಕೇಳಿ, ಬಂದರಿನ ಕಳ್ಳಸಾಗಣೆಗಾರರನ್ನು ಹೆಡೆಮುರಿ ಕಟ್ಟುವ ಆ ಕಥೆಯನ್ನು ನಾನೂ ಕಂಪನಿ ಬಸ್ಸಿನಲ್ಲಿ ಓದಿದ್ದೇನೆ, ಮತ್ತು ಓದುವ ಭರದಲ್ಲಿ ಒಮ್ಮೆ ಇಳಿಯುವ ಸ್ಟಾಪನ್ನೇ ತಪ್ಪಿಸಿಕೊಂಡಿದ್ದೇನೆ. ಇದನ್ನು ಹೊಗಳಿಕೆಯೆಂದು ತಾವು ತಿಳಿದರೆ ನನ್ನ ಅಭ್ಯಂತರವಿಲ್ಲ.

ಗಾಜುವಾಕಕ್ಕೆ ಮರಳಿದ ಮೇಲೆ ನನ್ನ ಮಗಳು ತನುಶ್ರೀ ದಳದ ಸ್ಥಳೀಯ ಶಾಖೆ ತೆರೆದು, ತನ್ನ ತಮ್ಮ ಆದರ್ಶ್‌ನನ್ನು ಏಕೈಕ ಸಿಬ್ಬಂದಿಯಾಗಿ ನೇಮಿಸಿಕೊಂಡಳು. ಸೋಫಾದ ಹಿಂದೆ ಒಂದು ಹಲ್ಲಿ ಲೊಚಗುಟ್ಟಿದರೆ ಬೀರುವಿನ ಪಕ್ಕದಿಂದ ಇನ್ನೊಂದು ಲೊಚಗುಟ್ಟುತ್ತಿತ್ತು, ಎರಡಕ್ಕೂ ನನ್ನ ತಾಯಿ ಇಂದಿರಮ್ಮ ನೆಲಕ್ಕೆ ಬೆರಳು ತಟ್ಟಿ “ಕೃಷ್ಣ ಕೃಷ್ಣ” ಅನ್ನುತ್ತಿದ್ದಳು. ಇಷ್ಟಕ್ಕೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ.

ಆದರೆ ಮೂರನೇ ಅಧ್ಯಾಯದಲ್ಲಿ ತಾವು ಒಂದು ಅಪ್ಪಣೆ ಹೊರಡಿಸಿದ್ದೀರಿ: ಶತ್ರುವಿಗೆ ತಿಳಿಯದ ಭಾಷೆಯೊಂದು ಪ್ರತಿ ಗೂಢಚಾರನಿಗೂ ಇರತಕ್ಕದ್ದು. ಕಾದಂಬರಿಯ ಮಕ್ಕಳು ಅಂಕಿಗಳನ್ನು ಕೂಡಿ ಕಳೆದು ಅಂಥ ಭಾಷೆ ಕಟ್ಟುತ್ತಾರೆ. ಲೆಕ್ಕವೆಂದರೆ ಹೊಟ್ಟೆನೋವು ಬರಿಸಿಕೊಳ್ಳುವ ನನ್ನ ಮಕ್ಕಳು ಅಷ್ಟು ಕಷ್ಟಕ್ಕೆ ಹೋಗದೆ, ಇಡೀ ಅಪಾರ್ಟ್‌ಮೆಂಟಿನಲ್ಲಿ ಯಾರಿಗೂ ತಿಳಿಯದ ಭಾಷೆಯೊಂದು ನಮ್ಮ ಮನೆಯ ಮೂಲೆಮಂಚದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿರುವುದನ್ನು ಪತ್ತೆ ಹಚ್ಚಿದರು.

ಇಲ್ಲಿ ನಮ್ಮ ಮನೆಯ ಸಂಗತಿ ಸ್ವಲ್ಪ ಅರಿಕೆ ಮಾಡಬೇಕು. ನನ್ನ ಹೆಂಡತಿ ಸಾಯಿಪ್ರಿಯಾ ತೆಲುಗಿನವಳು, ಮನೆಯ ಮಾತು ತೆಲುಗು, ಕನ್ನಡವೇನಿದ್ದರೂ ನನಗೂ ಅವ್ವನಿಗೂ ಮಾತ್ರ. ನಾನು ಮಕ್ಕಳಿಗೆ ಕನ್ನಡ ಕಲಿಸಲು ಬಣ್ಣದ ಚಿತ್ರಗಳ ಪುಸ್ತಕ ತಂದೆ, ಬೆಣ್ಣೆದೋಸೆಯ ಆಸೆ ತೋರಿಸಿದೆ, ಗದರಿಸಿಯೂ ನೋಡಿದೆ. ಅವರು ದೋಸೆ ತಿಂದು ತೆಲುಗಿನಲ್ಲಿ ಚೆನ್ನಾಗಿದೆ ಅಂದರು. ಅಜ್ಜಿಯನ್ನು “ನಾನಮ್ಮಾ” ಎಂದು ಪ್ರೀತಿಯಿಂದಲೇ ಕೂಗುತ್ತಿದ್ದರು, ಅವಳು ಏನಾದರೂ ಹೇಳಿದರೆ “ಆ, ಸರೇ” ಅಂದು ಆಟಕ್ಕೆ ಓಡುತ್ತಿದ್ದರು. ಯುಗಾದಿ ಕಳೆದ ಮೇಲೆ ಒಂದು ದಿನ ಅವ್ವ, “ಭೀಮಾ, ನನ್ನ ದಾವಣಗೆರಿಗೆ ಕಳಿಸಿಬಿಡಪ್ಪ, ತಂಗಿ ಮನ್ಯಾಗ ಇರ್ತೀನಿ. ಇಲ್ಲಿ ನನ್ನ ಬಾಯಿ ಬರೇ ಉಣ್ಣಾಕಷ್ಟ ಐತಿ” ಅಂದಳು. ನಾನಿರುವುದು ಪಾಳಿಯ ಕೆಲಸದಲ್ಲಿ, ಅವಳೊಂದಿಗೆ ನಾನಾದರೂ ಎಷ್ಟು ಹೊತ್ತು ಮಾತಾಡುತ್ತೇನೆ? ವಿಜಯವಾಡದಲ್ಲಿ ಬೀಗರ ಮನೆಯಲ್ಲಿ ತಂಗಿ, ಅಲ್ಲಿಂದ ಹುಬ್ಬಳ್ಳಿ ರೈಲು ಹಿಡಿಯುವಂತೆ ಜೂನ್ ತಿಂಗಳಿಗೆ ಟಿಕೆಟ್ ಮಾಡಿಸಿದೆ. ಅವ್ವ ಇಲ್ಲದ ಮನೆಯನ್ನು ನೆನೆದು ಮನಸ್ಸು ಬಹಳ ಕೆಟ್ಟಿತ್ತು.

ಅಂಥ ಅವ್ವನನ್ನು ತಮ್ಮ ದಳ ಸಂಕೇತ ಭಾಷೆಯ ಮುಖ್ಯಾಧಿಕಾರಿಯಾಗಿ ನೇಮಿಸಿಕೊಂಡಿತು. ಎರಡೇ ವಾರದಲ್ಲಿ ನನ್ನ ಮಕ್ಕಳು ನನ್ನ ಮೂಗಿನ ಕೆಳಗೇ ಅಚ್ಚ ದಾವಣಗೆರೆ ಕನ್ನಡದಲ್ಲಿ “ಅಪ್ಪ ಬಂದಾನ, ಸುಮ್ನ ಕುಂದ್ರು” ಅನ್ನತೊಡಗಿದರು. ಆ ಭಾಷೆ ಅಪ್ಪನಿಗೂ ಬರುತ್ತದೆಂಬುದನ್ನು ಅವರು ಆಟದ ಭರದಲ್ಲಿ ಮರೆತೇಬಿಟ್ಟಿದ್ದರು, ನೆನಪಿಸುವ ಗೋಜಿಗೆ ನಾನೂ ಹೋಗಲಿಲ್ಲ. ನನ್ನ ಇಷ್ಟು ವರ್ಷಗಳ ಪ್ರಯತ್ನವನ್ನು ಒಂದು ಹಲ್ಲಿ ರಜೆಯೊಳಗೇ ಮಾಡಿ ಮುಗಿಸಿತೆಂದು ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು.

ಇನ್ನು ಕೇಸಿನ ವಿಚಾರ. ಎದುರು ಫ್ಲ್ಯಾಟಿನ ದುರ್ಗಾಂಬಗಾರು ಒಂದು ಬೆಳಿಗ್ಗೆ ಬಾಗಿಲು ತೆರೆದಾಗ ಅವರ ಯಜಮಾನರು ರಾಮ್‌ಪ್ರಸಾದ್‌ಗಾರ ಚಪ್ಪಲಿ ಬೋರಲು ಬಿದ್ದಿತ್ತು. ಗುಡಿಸುವಾಗ ಪೊರಕೆ ತಗುಲಿರಬೇಕು. ಆದರೆ ಚಪ್ಪಲಿ ಬೋರಲು ಬಿದ್ದರೆ ಮನೆಯಲ್ಲಿ ಜಗಳ ಖಂಡಿತವೆಂದು ಈ ಕಡೆಯೂ ನಂಬುತ್ತಾರೆ, ನಮ್ಮ ಕಡೆಯೂ ನಂಬುತ್ತೇವೆ, ಮತ್ತು ಅದೇ ದಿನ ಆ ದಂಪತಿ ಆವಕಾಯಿ ಉಪ್ಪಿನಕಾಯಿಗೆ ಯಾವ ಮಾವಿನಕಾಯಿ ತರಬೇಕೆಂಬ ಬಗ್ಗೆ ಮೆಟ್ಟಿಲಿಗೆಲ್ಲ ಕೇಳುವಂತೆ ಜಗಳವಾಡಿದರು. ಚಪ್ಪಲಿ ಬೋರಲು ಹಾಕಿದವರನ್ನು ಹಿಡಿಯಲು ತಮ್ಮ ದಳ ತಕ್ಷಣ ಕಾರ್ಯಪ್ರವೃತ್ತವಾಯಿತು. ಅವ್ವ ನನ್ನನ್ನು ಕರೆದು, “ಟಿಕೇಟು ಕ್ಯಾನ್ಸಲ್ ಮಾಡ್ಸು. ಕೇಸು ಮುಗೀಲಿ, ಆಮೇಲೆ ಹೋಗ್ತೀನಿ. ಹುಡುಗ್ರು ನನ್ನ ನಂಬ್ಯಾರ” ಅಂದಳು. ನಾನು ಕಂಪನಿಗೆ ರಜೆ ಹಾಕಿ ಆ ದಿನವೇ ಕ್ಯಾನ್ಸಲ್ ಮಾಡಿಸಿದೆ.

ಆಮೇಲೆ ಚಪ್ಪಲಿ ಪದೇ ಪದೇ ಬೋರಲು ಬೀಳತೊಡಗಿತು. ಹೆಜ್ಜೆ ಗುರುತು ಹಿಡಿಯಲು ದಳದವರು ಎದುರು ಬಾಗಿಲ ಮುಂದೆ ರಂಗೋಲಿ ಪುಡಿ ಚೆಲ್ಲಿದರು. ಬೆಳಗಿನ ಪಾಳಿಗೆ ಹೊರಡುವ ನಾನಲ್ಲದೆ ಆ ಹೊತ್ತಿಗೆ ಅದನ್ನು ಇನ್ಯಾರು ತುಳಿಯಬೇಕು? ನನ್ನ ಬೂಟಿನ ಗುರುತು ಸಿಕ್ಕಿತು, ನಾನು ಶಂಕಿತನಾದೆ. ವಿಚಾರಣೆಯಲ್ಲಿ ನನ್ನ ಹೆತ್ತ ತಾಯಿಯೇ, “ಇವ ಸಣ್ಣಾಂವ ಇದ್ದಾಗ್ಲಿಂದ ಚಪ್ಪಲಿ ನೆಟ್ಟಗ ಬಿಟ್ಟಾಂವಲ್ಲ” ಎಂದು ಸಾಕ್ಷಿ ನುಡಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಲೊಚಗುಟ್ಟಿದರು.

ಮಾನ್ಯರೇ, ನಿಜವಾದ ಅಪರಾಧಿ ಯಾರೆಂದು ನಾನು ಬಲ್ಲೆ. ಕಳೆದ ವಾರ ಬಸ್ಸಿಗೆ ಹೊರಟವನು ಐಡಿ ಕಾರ್ಡು ಮರೆತು ಮೆಟ್ಟಿಲು ಹತ್ತಿ ವಾಪಸು ಬಂದೆ. ನಮ್ಮ ಹೊಸ್ತಿಲೊಳಗೆ, ಪುಡಿಗೆ ಕಾಲು ತಾಗದಂತೆ ನಿಂತು, ಬಟ್ಟೆ ಹರವುವ ಉದ್ದದ ಕೋಲನ್ನು ಹೊರಗೆ ಚಾಚಿ, ತಮ್ಮ ಸಂಕೇತ ಭಾಷೆಯ ಮುಖ್ಯಾಧಿಕಾರಿಣಿಯವರು ರಾಮ್‌ಪ್ರಸಾದ್‌ಗಾರ ಎಡಗಾಲಿನ ಚಪ್ಪಲಿಯನ್ನು ಮೆಲ್ಲಗೆ ಬೋರಲು ಹಾಕುತ್ತಿದ್ದರು. ಎಡಗಾಲಿನದು ಮಾತ್ರ. ಜಗಳ ಅರ್ಧವಾದರೂ ಕಡಿಮೆಯಾಗಲೆಂಬ ಕರುಣೆ ಇರಬೇಕು. ಹಾಕಿ ಮುಗಿಸಿ ಅವ್ವ “ಕೃಷ್ಣ ಕೃಷ್ಣ” ಅಂದು ಕೆನ್ನೆ ಬಡಿದುಕೊಂಡಳು. ನಾನು ತಿರುವಿನಲ್ಲೇ ನಿಂತುಬಿಟ್ಟೆ. ಕಣ್ಣು ತುಂಬಿ ಬಂತು, ನಗುವೂ ತಡೆಯಲಾಗಲಿಲ್ಲ, ಐಡಿ ಕಾರ್ಡಿಲ್ಲದೆಯೇ ಕಾರ್ಖಾನೆಗೆ ಹೋಗಿ ಗೇಟಿನಲ್ಲಿ ಬೈಸಿಕೊಂಡೆ.

ಹೀಗೆ ಸ್ವಂತ ಅಧಿಕಾರಿಯೇ ಅಪರಾಧಿಯಾಗಿರುವ ತಮ್ಮ ದಳದ ಆಡಳಿತವನ್ನು ಎಷ್ಟು ಕೊಂಡಾಡಿದರೂ ಸಾಲದು. ನಾನು ಬಾಯಿ ಬಿಟ್ಟರೆ ನನ್ನ ಮೇಲಿನ ಕಳಂಕ ತೊಳೆದು ಹೋಗುತ್ತದೆ, ಆದರೆ ಕೇಸು ಮುಗಿಯುತ್ತದೆ, ಕೇಸು ಮುಗಿದರೆ ಅವ್ವ ಕೊಟ್ಟ ಮಾತಿಗೆ ಕಟ್ಟುಬಿದ್ದು ಟ್ರಂಕು ಕಟ್ಟಬೇಕಾಗುತ್ತದೆ. ಇರಬೇಕೆನ್ನಿಸಿದೆಯೆಂದು ಅವಳಾಗಿ ಹೇಳುವವಳಲ್ಲ, ಇದ್ದುಬಿಡು ಎಂದು ನಾನು ಕೇಳಿದರೆ ಮಗನಿಗೆ ಹೊರೆಯಾದೆನೇನೋ ಎಂದು ಹತ್ತು ದಿಕ್ಕಿನಿಂದ ಯೋಚಿಸುವವಳು. ಆದ್ದರಿಂದ ಶಂಕಿತನಾಗಿಯೇ ಉಳಿಯಲು ನಾನು ತೀರ್ಮಾನಿಸಿದ್ದೇನೆ.

ಕಾರಣ ತಾವು ದೊಡ್ಡ ಮನಸ್ಸು ಮಾಡಿ, ಕಾದಂಬರಿಯ ಎರಡನೇ ಭಾಗದಲ್ಲಿ, ಹಲ್ಲಿ ದಳದ ಅಜ್ಜಿಯರಿಗೆ ನಿವೃತ್ತಿಯೇ ಇರುವುದಿಲ್ಲವೆಂದೂ, ಕೇಸು ಬಾಕಿಯಿರುವಾಗ ಅವರು ಊರು ಬಿಡುವುದು ದೇಶದ್ರೋಹವೆಂದೂ ಸ್ಪಷ್ಟವಾಗಿ ಸಾರಬೇಕು. ಚಪ್ಪಲಿ ಪ್ರಕರಣದ ತನಿಖೆ ಆದರ್ಶ್‌ನ ಮದುವೆಯವರೆಗಾದರೂ ನಡೆಯುವಂತೆ ನೋಡಿಕೊಳ್ಳಬೇಕು. ನನ್ನ ಮೇಲಿನ ಸಂಶಯವನ್ನು ಕಾಯಂ ಮಾಡಬೇಕು, ಆದರೆ ಯಾವ ಕಾರಣಕ್ಕೂ ಸಾಬೀತುಪಡಿಸಬಾರದು. ಮಕ್ಕಳಿಗೆ ಕನ್ನಡ ಓದಲು ಇನ್ನೂ ಬಾರದಿರುವುದರಿಂದ ಈ ಪತ್ರವನ್ನು ಧೈರ್ಯವಾಗಿ ಬಹಿರಂಗಗೊಳಿಸುತ್ತಿದ್ದೇನೆ. ಅವ್ವನಿಗೆ ಓದಲು ಬರುತ್ತದೆ. ಓದಿದರೆ ಓದಲಿ, ನನಗೆ ಗೊತ್ತೆಂದು ಅವಳಿಗೂ ಗೊತ್ತಾಗಲಿ, ಇಬ್ಬರೂ ಸುಮ್ಮನಿದ್ದುಬಿಡುತ್ತೇವೆ.

ನಾಲ್ಕೂ ಪಾದಗಳಿಗೆ ಮತ್ತೊಮ್ಮೆ ವಂದಿಸುತ್ತಾ,

ತಮ್ಮ ವಿಶ್ವಾಸಿ,
ಭೀಮಸೇನ
(ಕಾಯಂ ಶಂಕಿತ)

ತಾ.ಕ.: ನಿನ್ನೆಯಿಂದ ನನ್ನ ಹೆಂಡತಿಯೂ ದಳ ಸೇರಿ, ತನುಶ್ರೀಯ ಹತ್ತಿರ ಸಂಕೇತ ಭಾಷೆ ಕಲಿಯುತ್ತಿದ್ದಾಳೆ. ಮದುವೆಯಾದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ನಾನೂ ಅವ್ವನೂ ಅವಳ ಎದುರಿನಲ್ಲೇ, ನಗುನಗುತ್ತಾ, ಕನ್ನಡದಲ್ಲಿ ಅವಳ ಸಾರಿನ ಬಗ್ಗೆ ಆಡಿದ್ದೇನು ಎಂಬುದು ಅವಳಿಗೆ ವಹಿಸಿರುವ ಮೊದಲ ತನಿಖೆಯಂತೆ. ಈ ಕಡತವನ್ನು ತಾವು ತಮ್ಮ ಹಂತದಲ್ಲೇ, ಇಂದೇ, ಊಟದ ಹೊತ್ತಿಗೆ ಮುಂಚೆ, ಶಾಶ್ವತವಾಗಿ ಮುಚ್ಚಿಹಾಕಬೇಕಾಗಿ ಪ್ರಾರ್ಥನೆ.