ಮೂರನೇ ಪೀಪಾಯಿಯ ರುಚಿ

ಎಲ್ಲಕ್ಕೂ ಕಾರಣ ಚಹಾದ ಹೊತ್ತಿನಲ್ಲಿ ಬಾಯಿತಪ್ಪಿ ಬಂದ ಒಂದು ಮಾತು. ಮೂರು ತಿಂಗಳಲ್ಲಿ ನಿವೃತ್ತರಾಗಲಿದ್ದ ಮ್ಯಾನೇಜರು, "ನಿಮ್ಮಲ್ಲಿ ಯಾರಿಗಾದ್ರೂ ವೈನ್ ಬಗ್ಗೆ ಗೊತ್ತೇನ್ರಿ?" ಎಂದು ಕೇಳಿದರು. ಹದಿನೆಂಟು ವರ್ಷದಿಂದ ಹಳೆಯ ಕಡತಗಳ ಮಧ್ಯೆ ಬಿದ್ದಿದ್ದ ಗುಮಾಸ್ತ, "ಸ್ವಲ್ಪ ಮಟ್ಟಿಗೆ ಗೊತ್ತು ಸಾರ್" ಅಂದುಬಿಟ್ಟ. ಈ ಮಹಾಶಯ ಜನ್ಮದಲ್ಲಿ ಕುಡಿದಿದ್ದ ಅತಿ ಘಾಟಿನ ದ್ರವವೆಂದರೆ ಕೆಮ್ಮಿನ ಔಷಧಿ. ಆದರೆ ಹೆಡ್ ಗುಮಾಸ್ತರ ಕುರ್ಚಿ ಖಾಲಿಯಿತ್ತು, ಅದಕ್ಕೆ ಹೆಸರು ಸೂಚಿಸುವುದು ಮ್ಯಾನೇಜರ ಕೈಯಲ್ಲಿತ್ತು.

"ಹಾಗಾದ್ರೆ ಭಾನುವಾರ ನಮ್ಮ ಜೊತೆ ಬನ್ನಿ. ನನ್ನ ಬಾಮೈದ ವೈನ್ ಮಾಡೋಕೆ ಶುರು ಮಾಡಿದಾನೆ. ರುಚಿ ನೋಡಿ ನಿಜ ಹೇಳಿ, ಸಾಕು."

ಅವರು ಅತ್ತ ಹೋದದ್ದೇ ತಡ, ಪಕ್ಕದ ಮೇಜಿನ ಟೈಪಿಸ್ಟಮ್ಮ ಕುರ್ಚಿ ಎಳೆದುಕೊಂಡು ಬಂದರು. "ನಿಜಗಿಜ ಹೇಳೋಕೆ ಹೋಗ್ಬೇಡಿ. ಹೆಂಡತಿಯ ತಮ್ಮನ ಸರಕು. ಬಾಯ್ತುಂಬ ಹೊಗಳಿ."

ಭಾನುವಾರ ಬೆಳಿಗ್ಗೆ ದ್ರಾಕ್ಷಿ ತೋಟದ ಹಿಂದಿನ ಶೆಡ್ಡಿನಲ್ಲಿ ಗುಮಾಸ್ತ, ಮ್ಯಾನೇಜರು, ಅವರ ಹೆಂಡತಿ ಸಾಲಾಗಿ ನಿಂತರು. ಬಾಮೈದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡೇ ಬಂದ. ಪಾದಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು.

"ನಮ್ಮದು ಪೂರ್ತಿ ಸಹಜ ವಿಧಾನ ಸಾರ್. ಕಾಲಲ್ಲೇ ತುಳೀತೀವಿ. ಯೀಸ್ಟ್ ಹಾಕಲ್ಲ, ಔಷಧಿ ಹಾಕಲ್ಲ, ಸೋಸೋದೂ ಇಲ್ಲ. ಹಣ್ಣು ತನ್ನಷ್ಟಕ್ಕೆ ತಾನೇ ವೈನ್ ಆಗ್ಬೇಕು."

ಮೊದಲ ಪೀಪಾಯಿಯಿಂದ ಬಂದದ್ದು ಪಾತ್ರೆ ತೊಳೆದ ನೀರಿನಷ್ಟು ಕದಡಿತ್ತು. ಗುಮಾಸ್ತ ಕಣ್ಣುಮುಚ್ಚಿ ನುಂಗಿದ. "ಅದ್ಭುತ. ಮಣ್ಣಿನ ಗುಣ ಎದ್ದು ಕಾಣ್ತಿದೆ." ಮ್ಯಾನೇಜರು ಕೆಮ್ಮಿದರು.

ಎರಡನೆಯದರಲ್ಲಿ ಒಂದು ನೊಣ ತೇಲುತ್ತಿತ್ತು. "ನೊಣಕ್ಕೂ ಗೊತ್ತಾಗಿದೆ ನೋಡಿ, ಇದರ ಬೆಲೆ" ಅಂದ. ಈ ಸಲ ಮ್ಯಾನೇಜರು ಅವನ ಕಾಲನ್ನು ಬಲವಾಗಿ ತುಳಿದರು. ಹೊಗಳಿಕೆ ಸಾಲದೆಂದು ಗುಮಾಸ್ತ ಅರ್ಥ ಮಾಡಿಕೊಂಡ.

ಮೂರನೇ ಪೀಪಾಯಿಯ ಮುಂದೆ ಬಾಮೈದನೇ ತಲೆ ಕೆರೆದುಕೊಂಡ. "ಇದು ಕೈಕೊಟ್ಟಿದೆ ಅನ್ಸುತ್ತೆ ಸಾರ್. ವಿನೆಗರ್ ಆಗಿರ್ಬೇಕು."

ಆಗಿತ್ತು. ಒಂದು ಗುಟುಕಿಗೇ ಗುಮಾಸ್ತನ ಕಣ್ಣಲ್ಲಿ ನೀರು ಬಂತು, ಹಲ್ಲು ಜುಮ್ಮೆಂದವು. ಆದರೂ ಕುರ್ಚಿಯನ್ನು ನೆನೆದು ಲೋಟ ಖಾಲಿ ಮಾಡಿದ.

"ಛೆ ಛೆ, ಯಾರು ಹೇಳಿದ್ದು? ಇದೇ ಎಲ್ಲಕ್ಕಿಂತ ಮೇಲು. ನೋಡಿ, ಕಣ್ಣಲ್ಲಿ ನೀರು ಬಂತು."

ಮ್ಯಾನೇಜರ ಹೆಂಡತಿ ಗಂಡನ ಕಡೆ ತಿರುಗಿದರು. "ಕೇಳಿಸ್ತೇನ್ರಿ? ನೀವು ಕರ್ಕೊಂಡು ಬಂದ ತಜ್ಞರೇ ಹೇಳ್ತಿದಾರೆ. ರಿಟೈರ್ ಆದ ಮಾರನೇ ದಿನವೇ ಇಲ್ಲಿಗೆ ಬರೋದು. ಇನ್ನು ಯಾವ ನೆಪವೂ ನಡಿಯಲ್ಲ."

ಬಾಮೈದ ಬಗ್ಗಿ ನೋಡಿದ. "ಭಾವನ ಪಾದ ಒಳ್ಳೆ ಅಗಲ ಇದೆ ಅಕ್ಕ. ದಿನಕ್ಕೆ ನಾಲ್ಕು ತೊಟ್ಟಿ ತುಳೀಬಹುದು."

ಮ್ಯಾನೇಜರು ಗುಮಾಸ್ತನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು.

"ಆ ವೈನನ್ನ ನಂಬ್ಕೊಂಡು ಊರು ಬಿಡೋಕಾಗಲ್ಲ ಅಂತ ಆರು ತಿಂಗಳಿಂದ ಬಡ್ಕೊಳ್ತಿದೀನಿ. ತಿಳಿದವರು ಕೆಟ್ಟದು ಅಂದ್ರೆ ಒಪ್ತೀನಿ ಅಂತ ಇವಳು ಅಂದಿದ್ಲು. ನಿಮ್ಮನ್ನ ಮತ್ಯಾಕೆ ಕರ್ಕೊಂಡು ಬಂದೆ ಅಂದ್ಕೊಂಡ್ರಿ?"

ಗುಮಾಸ್ತ ತನ್ನ ಕಾಲನ್ನೊಮ್ಮೆ ನೋಡಿಕೊಂಡ. "ಸಾರ್, ಕಾಲು ತುಳಿದಿದ್ದು..."

"ಬಾಯಿ ಮುಚ್ಚಿ ಅಂತ."

"ಈಗ್ಲೇ ಹೋಗಿ ಕೆಟ್ಟದಿದೆ ಅಂತ ಹೇಳ್ಬಿಡ್ತೀನಿ ಸಾರ್."

"ಮೂರು ಲೋಟ ಕುಡಿದವನ ಮಾತು ಯಾರ್ರೀ ನಂಬ್ತಾರೆ?" ಮ್ಯಾನೇಜರು ಜೇಬಿನಿಂದ ಒಂದು ಕಾಗದ ತೆಗೆದು, ಹೆಡ್ ಗುಮಾಸ್ತರ ಹುದ್ದೆಗೆ ಬರೆದಿದ್ದ ಅವನ ಹೆಸರನ್ನು ತೋರಿಸಿ, ಅವನ ಎದುರೇ ಹೊಡೆದುಹಾಕಿದರು. ಗುಮಾಸ್ತನಿಗೆ ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಹೆಂಡತಿ ಬಾಗಿಲಿಗೆ ಬಂದರು. "ರೀ, ಇಷ್ಟು ತಿಳಿದವರನ್ನ ಆಫೀಸಲ್ಲಿ ಕೊಳೆಯೋಕೆ ಬಿಡಬಾರದು. ಪ್ರತಿ ಭಾನುವಾರ ಇಲ್ಲಿಗೆ ಕರ್ಕೊಂಡು ಬನ್ನಿ."

ಮ್ಯಾನೇಜರ ಮುಖದಲ್ಲಿ ಅಂದು ಮೊದಲ ಸಲ ನಗು ಮೂಡಿತು. "ಖಂಡಿತ. ನನಗೂ ಒಬ್ಬನೇ ತುಳಿಯೋಕೆ ಬೇಜಾರು." ಗುಮಾಸ್ತನ ಕಡೆ ತಿರುಗಿದರು. "ಏಳು ಗಂಟೆಗೆ ಸಿದ್ಧರಾಗಿರಿ, ಹಳೇ ಪ್ಯಾಂಟ್ ಹಾಕ್ಕೊಳ್ಳಿ. ಏನಂತೀರಿ?"

ಗುಮಾಸ್ತ ಕಣ್ಣೊರೆಸಿಕೊಂಡು, "ಬಹಳ ಸಂತೋಷ ಸಾರ್" ಅಂದ.