ಸೆಕೆಂಡ್ ಗೇರ್ ಡ್ರೈವರ್ ಹುಡುಕಿದ್ದು

ಲಾರಿಯ ಸಾಲ ಪೂರ್ತಿ ತೀರಿದೆ ಎಂದು ಬ್ಯಾಂಕಿನಿಂದ ಕಾಗದ ಬರುವವರೆಗೆ ಸೆಕೆಂಡ್ ಗೇರಿನ ಸಂಸಾರದಲ್ಲಿ ಯಾವ ತಕರಾರೂ ಇರಲಿಲ್ಲ.

ಅವನ ನಿಜವಾದ ಹೆಸರು ಲೈಸೆನ್ಸಿನಲ್ಲಿ ಮಾತ್ರ ಇತ್ತು. ಏಳು ವರ್ಷ ಆ ಲಾರಿಯನ್ನು ತುಂಬಿದ ಬಸುರಿಯನ್ನು ಕೂರಿಸಿಕೊಂಡವನ ಹಾಗೆ ಜೋಪಾನವಾಗಿ ಓಡಿಸಿದ್ದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಸೈಕಲ್ಲಿನಲ್ಲಿ ಹೋಗುವವರು ಅವನ ಪಕ್ಕಕ್ಕೆ ಬಂದು, ಮನೆಮಂದಿಯ ಆರೋಗ್ಯ ವಿಚಾರಿಸಿ, ಮುಂದೆ ಹೋಗುತ್ತಿದ್ದರು.

ಆರು ತಿಂಗಳಿಂದ ಅವನ ಸೊಂಟ ಹಿಡಿದುಕೊಂಡಿತ್ತು. "ಸ್ಟೇರಿಂಗ್ ಬಿಡ್ತೀರೋ, ಸೊಂಟ ಬಿಡ್ತೀರೋ ನೋಡಿ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸಾಲ ಇರುವ ತನಕ ಸೊಂಟವೂ ಬ್ಯಾಂಕಿನದೇ ಎಂದುಕೊಂಡು ಅವನು ಸುಮ್ಮನಿದ್ದ. ಈಗ ಲಾರಿಯೂ ಸೊಂಟವೂ ಒಟ್ಟಿಗೆ ಅವನ ಕೈಸೇರಿದ್ದವು.

"ಇನ್ನಾದ್ರೂ ಒಬ್ಬ ಡ್ರೈವರ್‌ನ ಇಡಿ" ಎಂದಳು ಹೆಂಡತಿ.

"ಯಾರನ್ನ ಅಂತ ನಂಬೋದು? ಎದುರಿಗೆ ಬೆಣ್ಣೆಯಂಥ ಮಾತಾಡ್ತಾರೆ. ತಿರುವು ದಾಟಿದ ಮೇಲೆ ಏನು ಮಾಡ್ತಾರೋ ಯಾರಿಗೆ ಗೊತ್ತು?"

ಈ ಮಾತು ಗೋಡೆಯಾಚೆಗಿದ್ದ ರಿಟೈರ್ಡ್ ಪೋಸ್ಟ್‌ಮಾಸ್ಟರರಿಗೆ ಕೇಳಿಸಿತು. ಕೆಲಸದಿಂದ ಇಳಿದ ಮೇಲೆ ಅವರಿಗೆ ಬೇರೆಯವರ ಸಮಸ್ಯೆಗಳೇ ಪಿಂಚಣಿಯಾಗಿದ್ದವು. ಐದು ನಿಮಿಷದಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಂದರು. ಎದುರುಮನೆಯ ಟೈಲರಮ್ಮನೂ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದಳು.

"ಬಹಳ ಸುಲಭ ಕಣಯ್ಯಾ" ಎಂದರು ಪೋಸ್ಟ್‌ಮಾಸ್ಟರರು. "ನಿನ್ನೆ ಬಸ್ ಸ್ಟ್ಯಾಂಡಲ್ಲಿ ಸಿಕ್ಕ ಒಬ್ಬ ಮೀಸೆಯವನು ಡ್ರೈವರ್ ಕೆಲಸ ಹುಡುಕ್ತಿದ್ದಾನೆ. ನಾಳೆ ಒಂದು ದಿನ ಓಡಿಸಿ ತೋರಿಸಲಿ. ಓನರ್ ಊರಲ್ಲಿಲ್ಲ ಅಂತ ನಿನ್ನ ಹೆಂಡ್ತಿ ಹೇಳ್ತಾಳೆ. ನೀನು ಕ್ಲೀನರ್ ಆಗಿ ಪಕ್ಕದಲ್ಲಿ ಕೂತ್ಕೋ. ಅವನ ಬಂಡವಾಳ ಸಂಜೆ ಹೊತ್ತಿಗೆ ಬಯಲಾಗುತ್ತೆ."

"ಇವರನ್ನ ನೋಡಿದ್ರೆ ಕ್ಲೀನರ್ ಅಂತ ನಂಬ್ತಾನಾ?" ಎಂದು ಹೆಂಡತಿ ಕೇಳಿದಳು.

ಟೈಲರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅದಕ್ಕೇನೂ ತೊಂದರೆ ಇಲ್ಲ ಬಿಡಿ" ಎಂದಳು. ಆದರೂ ಇರಲಿ ಎಂದು, ಗುಂಡಿ ಹಾಕಲು ಕೊಟ್ಟವರು ಮೂರು ವರ್ಷದಿಂದ ಒಯ್ಯದೆ ಬಿಟ್ಟಿದ್ದ ಒಂದು ಅಂಗಿಯನ್ನು ತಂದುಕೊಟ್ಟಳು. ಗುಂಡಿ ಇನ್ನೂ ಹಾಕಿರಲಿಲ್ಲ.

ಮರುದಿನ ಬೆಳಿಗ್ಗೆ ಮೀಸೆ ಬಂದ. ಆಸ್ಪತ್ರೆಗೆ ನಲವತ್ತು ಕಬ್ಬಿಣದ ಮಂಚ ಇಳಿಸಿ ಬರಬೇಕಿತ್ತು. ಮಂಚಗಳನ್ನು ಹಿಂದಿನ ಸಂಜೆಯೇ ಲೋಡು ಮಾಡಿ ಆಗಿತ್ತು. ಮೀಸೆ ಕ್ಯಾಬಿನ್ ಹತ್ತಿ, ಏಳು ವರ್ಷದಿಂದ ಯಾರೂ ಕದಲಿಸದಿದ್ದ ಸೀಟನ್ನು ಒಂದೇ ಏಟಿಗೆ ಹಿಂದಕ್ಕೆ ಜಗ್ಗಿದ. ಕನ್ನಡಿ ತಿರುಗಿಸಿದ. ಸೆಕೆಂಡ್ ಗೇರಿಗೆ ತನ್ನ ಹಲ್ಲನ್ನೇ ಯಾರೋ ಅಲ್ಲಾಡಿಸಿ ನೋಡಿದಂತಾಯಿತು.

ಬೀದಿಯ ಕೊನೆ ಬರುವ ಮೊದಲೇ ಲಾರಿ ಮೂರನೇ ಗೇರಿಗೆ ಬಿತ್ತು. ಅದು ಕೂಗಿದ ಹೊಸ ದನಿ ಕೇಳಿ ಮಾಲೀಕನಿಗೇ ಅದು ತನ್ನ ಲಾರಿಯೆಂದು ಗುರುತು ಸಿಗಲಿಲ್ಲ. ಅವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತತೊಡಗಿತು.

"ಏನಪ್ಪಾ, ನೆಲ ತೂತು ಮಾಡ್ತೀಯಾ?" ಎಂದ ಮೀಸೆ.

"ಕಾಲು ಜೋಮು ಹಿಡಿದಿದೆ."

"ಹೋಗ್ಲಿ, ನಿಮ್ಮ ಓನರ್ ಎಂಥವನು?"

ಇಂಥ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಸೆಕೆಂಡ್ ಗೇರ್ ಗಂಟಲು ಸರಿಮಾಡಿಕೊಂಡ. "ಅಪ್ಪಟ ಚಿನ್ನ. ಸಿಟ್ಟು ಅಂದ್ರೆ ಏನೂಂತ ಗೊತ್ತಿಲ್ಲ. ಕಷ್ಟ ಅಂತ ಹೋದ್ರೆ ಬರಿಗೈಲಿ ಕಳಿಸೋದಿಲ್ಲ."

"ನಿನಗೆಷ್ಟು ಕೊಡ್ತಾನೆ?"

ಈ ಪ್ರಶ್ನೆಯನ್ನು ಅವನು ಯೋಚಿಸಿರಲಿಲ್ಲ. ಮಾಲೀಕನಿಗೆ ಭಾರವಾಗದಂತೆ ಬಾಯಿಗೆ ಬಂದ ಒಂದು ಮೊತ್ತ ಹೇಳಿದ. ಮೀಸೆ ಲಾರಿಯ ವೇಗ ತಗ್ಗಿಸಿ ಅವನ ಮುಖ ನೋಡಿದ. "ಈ ವಯಸ್ಸಲ್ಲಿ ಅಷ್ಟೇನಾ? ಅಂಗಿಗೆ ಗುಂಡಿ ಹಾಕಿಸ್ಕೊಳ್ಳೋಕೂ ಗತಿ ಇಲ್ಲ, ಅವನನ್ನ ಚಿನ್ನ ಅಂತೀಯಲ್ಲೋ. ಚಿನ್ನ ಅಲ್ಲ, ಜಿಗಣೆ!"

ದಾರಿಯ ಟೀ ಅಂಗಡಿಯಲ್ಲಿ ಲಾರಿ ನಿಂತಿತು. ಮೀಸೆ ಇಳಿದು ಹಿಂದಿನ ಟಯರನ್ನು ಒದ್ದು ನೋಡುತ್ತಿದ್ದ. ಅಂಗಡಿಯವನು ಬಗ್ಗಿ ನೋಡಿ, "ಏನ್ ಓನರೇ, ಇವತ್ತು ಆ ಕಡೆ ಕೂತಿದ್ದೀರಿ?" ಎಂದ.

"ಓನರ್ ಊರಲ್ಲಿಲ್ಲ!" ಎಂದು ಸೆಕೆಂಡ್ ಗೇರ್ ಅಬ್ಬರಿಸಿದ. ಅಂಗಡಿಯವನು ಎರಡು ಸಲ ಕಣ್ಣುಜ್ಜಿಕೊಂಡು ಟೀ ಹಾಕಲು ಹೋದ.

ಮೀಸೆ ಎರಡು ಟೀ ಕುಡಿದು, ಒಂದು ಪೊಟ್ಟಣ ಬಿಸ್ಕತ್ತು ಜೇಬಿಗಿಟ್ಟ. "ದುಡ್ಡು ನೀನೇ ಕೊಟ್ಟಿರು, ಓನರ್ ಹತ್ರ ಇಸ್ಕೋ." ಕೊಡುವ ಜೇಬೂ ಇಸಿದುಕೊಳ್ಳುವ ಜೇಬೂ ಒಂದೇ ಆದ್ದರಿಂದ ಆ ವ್ಯವಹಾರ ಅಲ್ಲೇ ಮುಗಿಯಿತು.

ಆಸ್ಪತ್ರೆಯ ಹಿತ್ತಲ ಗೇಟಿನಲ್ಲಿ ಲಾರಿಯನ್ನು ಹಿಂದಕ್ಕೆ ಬಿಡಬೇಕಿತ್ತು. ಕ್ಲೀನರ್ ಕೆಳಗಿಳಿದು "ಬರ್ಲಿ, ಬರ್ಲಿ, ಬರ್ಲಿ" ಎಂದು ಕೂಗಿದ. ಏಳು ವರ್ಷ ಬೇರೆಯವರ ಬಾಯಲ್ಲಿ ಕೇಳಿದ್ದ ಆ ಮಾತು ತನ್ನ ಬಾಯಿಂದಲೇ ಬಂದಾಗ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಗೋಡೆ ನಿಲ್ಲಿಸಿತು. ಹಿಂದಿನ ದೀಪವೊಂದು ಪುಡಿಯಾಯಿತು.

"ಹೋಗ್ಲಿ ಬಿಡು, ನಮ್ಮಪ್ಪನ ಮನೆ ಗಂಟೇನು ಹೋಯ್ತು?" ಎಂದು ಮೀಸೆ ಸಮಾಧಾನ ಹೇಳಿದ.

ಹಮಾಲಿಗಳಿಬ್ಬರಲ್ಲಿ ಒಬ್ಬ ಬಂದಿರಲಿಲ್ಲ. ಬಂದಿದ್ದವನು ಮಂಚದ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಯಾರು ಎಂಬಂತೆ ನೋಡಿದ. ಮೀಸೆಯೂ ಕ್ಲೀನರನ ಕಡೆ ನೋಡಿದ.

"ನನಗೆ ಸೊಂ..." ಎಂದು ಶುರುಮಾಡಿದವನು ನುಂಗಿಕೊಂಡ. ಸೊಂಟ ನೋವಿರುವವನನ್ನು ಯಾರು ತಾನೇ ಕ್ಲೀನರ್ ಆಗಿ ಇಟ್ಟುಕೊಳ್ಳುತ್ತಾರೆ? ಗುಟ್ಟು ರಟ್ಟಾಗುತ್ತದೆ. ಮಂಚ ಎತ್ತಿದ. ಹನ್ನೆರಡನೆಯ ಮಂಚಕ್ಕೆ ಕಣ್ಣಲ್ಲಿ ನೀರು ಬಂತು. ಇಪ್ಪತ್ತನೆಯದಕ್ಕೆ ತಾನು ಇಳಿಸುತ್ತಿರುವ ಮಂಚದ ಮೇಲೆ ತಾನೇ ಮಲಗುವುದು ವಾಸಿ ಎನ್ನಿಸಿತು. ಕ್ಯಾಬಿನ್ನಿನಲ್ಲಿ ಮೀಸೆ ಬಾಗಿಲಾಚೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೂವತ್ತನೆಯ ಮಂಚ ಇಳಿಯುವಾಗ ಅವನ ಸಿಟ್ಟೆಲ್ಲ ಮನೆಯಲ್ಲಿ ಹಾಯಾಗಿ ಕೂತಿರುವ ಓನರನ ಮೇಲೆ ತಿರುಗಿತ್ತು. ಆ ಓನರ್ ತಾನೇ ಎಂದು ನೆನಪಾಗಲು ಇನ್ನೆರಡು ಮಂಚ ಹಿಡಿಯಿತು.

ಖಾಲಿ ಲಾರಿ ಮನೆಯ ಕಡೆ ಹೊರಟಿತು ಎಂದುಕೊಂಡರೆ ಎಡಕ್ಕೆ ಹೊರಳಿತು.

"ಇದ್ಯಾವ ದಾರಿ?"

"ಇಲ್ಲೇ ನಮ್ಮ ತಂಗಿ ಮನೆ. ಒಂದು ಬೀರು ಸಾಗಿಸೋದಿದೆ. ಹೇಗೂ ಲಾರಿ ಇದೆ, ನೀನೂ ಇದ್ದೀಯ."

"ಓನರ್‌ಗೆ ಗೊತ್ತಾದ್ರೆ?"

"ನೀನು ಹೇಳ್ತೀಯಾ?"

"ನಾನು ಹೇಳೋದಿಲ್ಲ" ಎಂದ ಸೆಕೆಂಡ್ ಗೇರ್. ಅದು ನಿಜವೇ ಆಗಿತ್ತು.

ಬೀರು ಮೂರನೇ ಮಹಡಿಯಲ್ಲಿತ್ತು. ಹೋಗಬೇಕಾದದ್ದು ಮುಂದಿನ ಬೀದಿಯ ಇನ್ನೊಂದು ಮೂರನೇ ಮಹಡಿಗೆ. ಮೇಲಿನ ತುದಿ ಹಿಡಿದ ಮೀಸೆ ದಾರಿಯುದ್ದಕ್ಕೂ "ಹುಷಾರು, ಹುಷಾರು" ಎಂದು ಬೀರುವಿಗೆ ಹೇಳುತ್ತಿದ್ದ.

ಲಾರಿ ಮನೆ ಮುಟ್ಟುವಾಗ ಸಂಜೆ ಐದು. ಪೋಸ್ಟ್‌ಮಾಸ್ಟರರು ಕುರ್ಚಿ ಹಾಕಿಸಿಕೊಂಡೇ ಕೂತಿದ್ದರು. ಟೈಲರಮ್ಮ ಅಂಗಡಿ ಮುಚ್ಚಿಬಂದಿದ್ದಳು. ಸೆಕೆಂಡ್ ಗೇರ್ ಕ್ಯಾಬಿನ್ನಿನಿಂದ ಇಳಿದ. ಆದರೆ ಕೂತಿದ್ದ ಭಂಗಿಯಲ್ಲೇ ಇಳಿದ. ನೆಟ್ಟಗಾಗಲು ನೋಡಿದ, ಆಗಲಿಲ್ಲ. ಇರಲಿ, ಬಾಗಿಕೊಂಡೇ ಇವನ ಬಣ್ಣ ಬಯಲುಮಾಡುತ್ತೇನೆ ಎಂದು ಬಾಯಿ ತೆರೆದ. ಅಷ್ಟರಲ್ಲಿ ಮೀಸೆ ಬೀಗದ ಕೈಯನ್ನು ಹೆಂಡತಿಯ ಕೈಗಿಟ್ಟು ನಮಸ್ಕಾರ ಮಾಡಿದ.

"ತಾಯಿ, ತಪ್ಪು ತಿಳ್ಕೋಬೇಡಿ. ನನಗೆ ಈ ಕೆಲಸ ಬೇಡ. ನಾನು ಡ್ರೈವರ್ ಕೆಲಸಕ್ಕೆ ಅಂತ ಬಂದವನೇ ಅಲ್ಲ."

"ಮತ್ತೆ?" ಎಂದರು ಪೋಸ್ಟ್‌ಮಾಸ್ಟರರು.

"ನಂದೂ ಒಂದು ಲಾರಿ ಇದೆ ಸ್ವಾಮಿ. ಹೋದ ತಿಂಗಳು ಸಾಲ ತೀರ್ತು. ಡ್ರೈವರ್ ಇಡಿ, ಡ್ರೈವರ್ ಇಡಿ ಅಂತ ಮನೇಲಿ ಒಂದೇ ರಾಗ. ಓನರ್ ಇಲ್ಲದಾಗ ಡ್ರೈವರ್ ಏನು ಮಾಡ್ತಾನೆ ಅಂತ ತಿಳಿಯೋದು ಹೇಗೆ? ಒಂದು ದಿನ ನಾನೇ ಬೇರೆಯವರ ಲಾರಿ ಓಡಿಸಿ ನೋಡೋಣ ಅಂತ ಬಂದೆ."

"ನೋಡಿದ್ರಾ?"

"ನೋಡ್ದೆ. ನಾನು ಇರುವೆಗೂ ಮೋಸ ಮಾಡಿದವನಲ್ಲ. ಅಂಥ ನಾನೇ ಒಂದು ದಿನಕ್ಕೆ ಇಷ್ಟು ಕೆಟ್ಟೆ! ಟೀ ಕುಡಿದೆ, ಗೋಡೆಗೆ ಗುದ್ದಿದೆ, ಮಧ್ಯಾಹ್ನ ಎರಡು ಗಂಟೆ ನಿದ್ದೆ ಹೊಡೆದೆ, ತಂಗಿ ಮನೆ ಬೀರು ಸಾಗಿಸ್ದೆ. ಏಳು ವರ್ಷದಲ್ಲಿ ಇಷ್ಟು ಸುಖವಾಗಿ ನಾನು ಲಾರಿ ಓಡಿಸಿಲ್ಲ. ನಿಮಗೂ ಹೇಳ್ತೀನಿ, ಪ್ರಾಣ ಹೋದ್ರೂ ಡ್ರೈವರ್ ಇಡಬೇಡಿ."

ಎಲ್ಲವನ್ನೂ ಅವನೇ ಒಪ್ಪಿಕೊಂಡಿದ್ದರಿಂದ ಸೆಕೆಂಡ್ ಗೇರಿಗೆ ಹೇಳಲು ಏನೂ ಉಳಿದಿರಲಿಲ್ಲ. ತೆರೆದ ಬಾಯನ್ನು ಮುಚ್ಚಿಕೊಂಡ.

"ಆದ್ರೆ ಒಂದು ಮಾತು" ಎಂದು ಮೀಸೆ ದನಿ ತಗ್ಗಿಸಿದ. "ಈ ಕ್ಲೀನರ್‌ನ ನನಗೆ ಬಿಟ್ಟುಕೊಡಿ. ಬಾಯಿಲ್ಲದ ಬಸವಣ್ಣ. ಕೈಯಿಂದ ದುಡ್ಡು ಹಾಕ್ತಾನೆ, ಕೇಳೋದಿಲ್ಲ. ನಿಮ್ಮ ಯಜಮಾನ್ರು ಕೊಡೋದರ ಎರಡರಷ್ಟು ಕೊಡ್ತೀನಿ."

ಹೆಂಡತಿ ಗಂಡನ ಕಡೆ ನೋಡಿದಳು. ಪ್ರಶ್ನೆಯ ಗುರುತಿನ ಹಾಗೆ ಬಾಗಿ ನಿಂತಿದ್ದ ಅವನಿಗೆ, ಏನೇ ಆಗಲಿ, ಒಳಗೊಳಗೇ ಹೆಮ್ಮೆಯಾಗಿತ್ತು. ಹಿಂದೆ ಯಾರೂ ಅವನ ಕೆಲಸವನ್ನು ಇಷ್ಟು ಹೊಗಳಿರಲಿಲ್ಲ.

"ಕರ್ಕೊಂಡು ಹೋಗಿ" ಎಂದಳು ಅವಳು. "ಆದ್ರೆ ಭಾರ ಎತ್ತಿಸಬೇಡಿ. ಆರು ತಿಂಗಳಿಂದ ಸೊಂಟ ನೋವು."

ಮೀಸೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ಸೆಕೆಂಡ್ ಗೇರನ್ನು ಸುತ್ತಲೂ ನೋಡಿದ, ಹಳೆಯ ಲಾರಿಗೆ ವ್ಯಾಪಾರ ಕುದುರಿಸುವವನು ನೋಡುವಂತೆ.

"ಸೊಂಟ ನೋವಾ? ಹಾಗಾದ್ರೆ ಬೇಡ ತಾಯಿ" ಎಂದು ಹೊರಟುಹೋದ.

ಹೀಗೆ ಸೆಕೆಂಡ್ ಗೇರಿಗೆ ಒಂದೇ ದಿನದಲ್ಲಿ ಡ್ರೈವರೂ ಸಿಗಲಿಲ್ಲ, ಕ್ಲೀನರ್ ಕೆಲಸವೂ ಸಿಗಲಿಲ್ಲ. ಅವನಿಗೆ ಹೆಚ್ಚು ಬೇಸರವಾದದ್ದು ಎರಡನೆಯದಕ್ಕೆ.